ಎಡಗೈಯ ತಾಳ

ಸಂಗೀತದ ಸೀನಿಯರ್ ಪರೀಕ್ಷೆಗೆ ಕಟ್ಟಿದಾಗ ನನಗೆ ಮೂವತ್ತು ದಾಟಿತ್ತು. ಮೊದಲು ಜೂನಿಯರ್, ಆಮೇಲೆ ಸೀನಿಯರ್, ಅದರಾಚೆ ವಿದ್ವತ್ತು. ಜೂನಿಯರನ್ನು ಹೈಸ್ಕೂಲಿನಲ್ಲೇ ಮುಗಿಸಿ ಮರೆತಿದ್ದೆ. ಸೀನಿಯರಿನಲ್ಲಿ ಹಾಡುವುದು ಒಂದು ಪರೀಕ್ಷೆ, ಬರೆಯುವುದು ಇನ್ನೊಂದು. ಹಾಡುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ. ಬರೆಯುವುದಕ್ಕೆ ಶಾಸ್ತ್ರ ಅನ್ನುತ್ತಾರೆ, ಥಿಯರಿ ಅಂತಲೂ ಅನ್ನುತ್ತಾರೆ. ಹಾಡಲು ಬಾರದವರು ಹಾಡಲು ಬರುವವರ ಮೇಲೆ ಸೇಡು ತೀರಿಸಿಕೊಳ್ಳಲು ಕಂಡುಹಿಡಿದದ್ದು ಅದು ಅಂತ ಆಗ ನಂಬಿದ್ದೆ. ಆ ನಂಬಿಕೆ ಈಗಲೂ ಪೂರ್ತಿ ಹೋಗಿಲ್ಲ.

ನನ್ನ ಊರು ಕಂಪ್ಲಿ, ಕೆಲಸ ಸಂಡೂರು, ಪಾಠ ಟಿ.ಬಿ. ಡ್ಯಾಂ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದು ಸಂಡೂರಿನ ಅಕ್ಕನ ಮನೆಯಲ್ಲಿದ್ದೆ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಹಾಡಿನ ಟೀಚರ್ ಆಗಿದ್ದೆ. ಬೆಳಗಿನ ಪ್ರಾರ್ಥನೆ, ವಾರ್ಷಿಕೋತ್ಸವದ ಸ್ವಾಗತಗೀತೆ, ನಡುವೆ ಯಾರಾದರೂ ಟೀಚರ್ ರಜೆ ಹಾಕಿದರೆ ಆ ತರಗತಿಯ ಗಲಾಟೆ, ಇಷ್ಟು ನನ್ನ ಪಾಲು. ಈ ಕೆಲಸ ಇರುವ ತನಕ ನಾನು ಅಕ್ಕನ ಮನೆಯಲ್ಲಿ ಇರುವವಳು. ಕೆಲಸ ಹೋದರೆ ಬಿದ್ದಿರುವವಳು. ಹೆಡ್‌ಮಿಸ್ ಒಂದು ದಿನ ಕರೆದು, ತಪಾಸಣೆಗೆ ಬರುವವರು ಸರ್ಟಿಫಿಕೇಟ್ ಕೇಳುತ್ತಾರೆ, ಮುಂದಿನ ವರ್ಷ ಶಾಲೆ ತೆರೆಯುವುದರೊಳಗೆ ಸೀನಿಯರ್ ಪಾಸು ಮಾಡಿಕೊಂಡು ಬಾ, ಇಲ್ಲವೆಂದರೆ ಸರ್ಟಿಫಿಕೇಟ್ ಇದ್ದವರನ್ನು ನೋಡಿಕೊಳ್ಳುತ್ತೇವೆ ಅಂದರು. ಬಯ್ಯಲಿಲ್ಲ. ಟೀ ಕೊಡಿಸಿ ಹೇಳಿದರು. ಟೀ ಕೊಡಿಸಿ ಹೇಳುವವರು ಮಾತು ಬದಲಿಸುವುದಿಲ್ಲ ಅನ್ನುವುದು ನನಗೆ ಗಂಡನ ಮನೆಯಲ್ಲೇ ಗೊತ್ತಾಗಿತ್ತು.

ಅಕ್ಕನ ಗಂಡ, ನಾನು ಮಾವ ಅನ್ನುವವರು, ಗಣಿಯ ವೇಬ್ರಿಡ್ಜಿನಲ್ಲಿ ಲಾರಿ ತೂಗಿಸುವ ಕೆಲಸದವರು. ಅವರಿಗೆ ನನ್ನ ಓದು ಒಂದು ತಮಾಷೆ.

"ಹಂಪ್ಯಾಗ ಕಲ್ಲಿನ ಕಂಬಾನ ಹಾಡ್ತಾವಂತ," ಅನ್ನುತ್ತಿದ್ದರು ಊಟಕ್ಕೆ ಕೂತಾಗ. "ಅವಕ್ಕ ಯಾರು ಸರ್ಟಿಫಿಕೇಟ್ ಕೊಟ್ಟಾರ?"

ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅನ್ನ ಬಡಿಸುವವಳು ನಗುವಾಗ ತಟ್ಟೆ ಹಿಡಿದವಳು ಮುಖ ಗಂಟಿಕ್ಕಬಾರದು.

ಹೀಗೆ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಅದಿರು ಲಾರಿಗಳ ಹಿಂದೆ ಧೂಳು ತಿನ್ನುತ್ತ ಹೊಸಪೇಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಡ್ಯಾಮಿನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ನಮ್ಮ ಸಂಗೀತದ ಟೀಚರ್ ಅಲ್ಲಿದ್ದರು. ಅವರ ಯಜಮಾನರು ಕಾಲುವೆ ಆಫೀಸಿನವರು, ಆಂಧ್ರದ ಕಡೆಯಿಂದ ಬಂದವರು. ಟೀಚರ್ ಕನ್ನಡ ನಮ್ಮ ಹಾಗೇ ಆಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ತೆಲುಗು ಇಣುಕುತ್ತಿತ್ತು. ಗೇಟಿಗೆ ಒಂದು ಬೋರ್ಡು: ಕರ್ನಾಟಕ ಸಂಗೀತ, ಜೂನಿಯರ್ ಮತ್ತು ಸೀನಿಯರ್, ಶೇಕಡಾ ನೂರು ಫಲಿತಾಂಶ. ಹೊಸಪೇಟೆಯಲ್ಲಿ ಹಿಂದೂಸ್ತಾನಿ ಕಲಿಸುವವರು ಇದ್ದರು. ನನ್ನ ಜೂನಿಯರ್ ಕರ್ನಾಟಕದ್ದು. ಅದರ ಸೀನಿಯರ್ ಶಾಸ್ತ್ರ ಹೇಳಿಕೊಡುವವರು ನಮಗೆ ತಿಳಿದಂತೆ ಈ ಸುತ್ತಿನಲ್ಲಿ ಇವರೊಬ್ಬರೇ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನ ಹಾಡಿಸಿದರು. ನಾನು ಕಂಪ್ಲಿಯಲ್ಲಿ ಸಣ್ಣಂದಿನಿಂದ ಮಠದ ಭಜನೆಯಲ್ಲಿ ಹಾಡಿದವಳು. ಮೈಕು ಕೈಕೊಟ್ಟರೂ ಕೊನೆಯ ಸಾಲಿನ ಮುದುಕನಿಗೆ ಕೇಳಿಸಬೇಕು, ಹಾಗೆ ಬೆಳೆದ ದನಿ. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟು, "ಏಮಮ್ಮಾ, ನೀನಿದ್ರ ಕಂಪ್ಲಿ ಬಸ್ಸಿಗೆ ಹಾರ್ನ್ ಬ್ಯಾಡೇನು?" ಅಂದರು.

ಚಾಪೆಯ ಮೇಲಿದ್ದ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಹತ್ತು ಹನ್ನೆರಡು ಮಂದಿ, ಎಲ್ಲರೂ ಹೈಸ್ಕೂಲು, ಪಿಯುಸಿ ವಯಸ್ಸಿನವರು. ನನ್ನನ್ನು ಆಂಟಿ ಅನ್ನುತ್ತಿದ್ದರು. ಅವರೆಲ್ಲ ಐದಾರು ವರ್ಷದ ಮಕ್ಕಳಾಗಿದ್ದಾಗಿನಿಂದ ಇದೇ ಚಾಪೆಯ ಮೇಲೆ ಕೂತವರು. ಪುಸ್ತಕದಲ್ಲಿದ್ದ ಪ್ರತಿ ಸಾಲೂ ಅವರಿಗೆ ಅಲ್ಪವಿರಾಮದ ಸಮೇತ ಬಾಯಿಪಾಠ.

ಹಂಪಿಯಲ್ಲಿ ಒಂದು ಸಂಜೆ ಯಾವುದೋ ಅಧಿಕಾರಿಗಳು ಬಂದಿದ್ದಾರೆ ಅಂತ ನಮ್ಮನ್ನು ಹಾಡಲು ಕರೆಸಿದ್ದರು. ಹುಡುಗಿಯರನ್ನು ಮುಂದೆ ಕೂರಿಸಿ ನನ್ನನ್ನು ಹಿಂದೆ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಪಕ್ಕ ಕೂರಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಅಧಿಕಾರಿಯ ಹೆಂಡತಿ ಬಂದು, ಹಿಂದಿನಿಂದ ಒಂದು ದನಿ ಬರುತ್ತಿತ್ತಲ್ಲ, ಭಾಳ ಚೆನ್ನಾಗಿತ್ತು, ಯಾರದು ಅಂತ ಕೇಳಿದರು. "ಅದು ಶ್ರುತಿಪೆಟ್ಟಿಗೀರಿ," ಅಂದರು ನಮ್ಮ ಟೀಚರ್. ಆ ಹೆಂಗಸು ಪೆಟ್ಟಿಗೆಯ ಕಡೆ ಮೆಚ್ಚುಗೆಯಿಂದ ನೋಡಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರು. ನಾನು ಅದರ ವೈರು ಸುತ್ತುತ್ತಿದ್ದೆ.

ಆದರೆ ಟೀಚರಿಗೆ ಕಲಿಸಲು ಬರುತ್ತಿತ್ತು. ಇದನ್ನು ಹೇಳದೆ ಹೋದರೆ ನನ್ನ ಸಿಟ್ಟಿಗೇ ಅವಮಾನ. ಶಾಸ್ತ್ರದ ಪೇಪರಿನಲ್ಲಿ ಎಲ್ಲರನ್ನೂ ಕೆಡವುವ ಪ್ರಶ್ನೆ ಒಂದಿದೆ. ವರ್ಣ ಅನ್ನುವ ರಚನೆಯ ಒಂದು ಭಾಗವನ್ನು ಸ್ವರ, ಸಾಹಿತ್ಯ ಕೂಡಿಸಿ ಬರೆಯಬೇಕು, ಬರೆದದ್ದನ್ನು ತಾಳಕ್ಕೆ ಸರಿಯಾಗಿ ಗೆರೆ ಎಳೆದು ಭಾಗ ಮಾಡಬೇಕು. ಒಂದು ಗೆರೆ ಒಂದು ಅಕ್ಷರ ಆಚೆ ಬಿದ್ದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಸೀನಿಯರಿಗೆ ಬರುವ ವರ್ಣ ಅಟ ತಾಳದ್ದು, ಹದಿನಾಲ್ಕು ಎಣಿಕೆ. ತೊಡೆಯ ಮೇಲೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಹೀಗೆ ಎರಡು ಸಲ. ಕೊನೆಗೆ ಪೆಟ್ಟು ಹಾಕಿ ಕೈ ಮಗುಚುವುದು, ಅದೂ ಎರಡು ಸಲ. ಹಾಡುವಾಗ ಇದನ್ನೆಲ್ಲ ಬಲಗೈ ಮಾಡುತ್ತದೆ. ಪರೀಕ್ಷೆಯಲ್ಲಿ ಬಲಗೈಗೆ ಪೆನ್ನು ಬಂತಲ್ಲ, ಹಾಗಾಗಿ ತಾಳವನ್ನು ಎಡಗೈಗೆ ದಾಟಿಸಬೇಕು. ಮನಸ್ಸಿನಲ್ಲಿ ಹಾಡಿಕೊಳ್ಳುತ್ತ, ಎಡಗೈಯಲ್ಲಿ ಎಣಿಸುತ್ತ, ಬಲಗೈಯಲ್ಲಿ ಬರೆಯುತ್ತ ಹೋಗಬೇಕು. ಇದು ಅವರ ಪದ್ಧತಿ. ಬೋರ್ಡಿನ ಮೇಲಿನ ಶೇಕಡಾ ನೂರು ಇದರಿಂದಲೇ ಬಂದದ್ದು.

ಹೇಳುವುದಕ್ಕೆ ಸುಲಭ. ನನ್ನ ಬಲಗೈ ಬರೆಯಲು ಶುರುಮಾಡಿದರೆ ಎಡಗೈ ಸತ್ತು ಬೀಳುತ್ತಿತ್ತು. ಎಡಗೈ ಎಣಿಸಿದರೆ ಬಲಗೈ ಕಾಗದದ ಮೇಲೆ ಕೋಳಿ ಕೆದರಿದಂತೆ ಕೆದರುತ್ತಿತ್ತು. ಟೀಚರ್ ಹತ್ತಿರ ಮರದ ಸ್ಕೇಲು ಇತ್ತು. ಹುಡುಗಿಯರಿಗೆ ಅದನ್ನು ತೋರಿಸುತ್ತಿದ್ದರು, ನನಗೆ ಬಳಸುತ್ತಿದ್ದರು.

"ಎಡಗೈ ಏನು ರಜಾದ ಮ್ಯಾಲ ಐತಾ?" ಅಂತ ಬೆರಳ ಗೆಣ್ಣಿನ ಮೇಲೆ ಒಂದು. "ಗಂಡನ ಮನ್ಯಾಗನೂ ಹಿಂಗ ನಡುವ ಬಿಟ್ಟು ಬಂದ್ಯೇನು?" ಅಂತ ಇನ್ನೊಂದು.

ಮೊದಲನೆಯ ಏಟಿಗಿಂತ ಎರಡನೆಯದು ಹೆಚ್ಚು ಉರಿಯುತ್ತಿತ್ತು. ಸಂಡೂರಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಸೆರಗಿನ ಕೆಳಗೆ ಎಡಗೈ ಎಣಿಸುತ್ತಿತ್ತು. ಅಕ್ಕನ ಮನೆಯಲ್ಲಿ ಬಲಗೈಯಲ್ಲಿ ಸಾರು ತಿರುವುವಾಗ ಎಡಗೈ ಒಲೆಕಟ್ಟೆಯ ಮೇಲೆ ಎಣಿಸುತ್ತಿತ್ತು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ಭಾನುವಾರ ಇಡೀ ಪಲ್ಲವಿಯನ್ನು ತಪ್ಪಿಲ್ಲದೆ ಬರೆದೆ. ಟೀಚರ್ ಗೆರೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ, ಸ್ಕೇಲನ್ನು ಪಕ್ಕಕ್ಕಿಟ್ಟರು. ಆ ದಿನ ಬಸ್ಸಿನಲ್ಲಿ ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ. ಹಾಡುವ ಪರೀಕ್ಷೆ ಮೊದಲೇ ಮುಗಿದಿತ್ತು, ಚೆನ್ನಾಗಿ ಆಗಿತ್ತು. ಶಾಸ್ತ್ರದ ದಿನ ನಮ್ಮ ಹುಡುಗಿಯರೆಲ್ಲ ಒಂದೇ ಹಾಲಿನಲ್ಲಿ ಬಿದ್ದಿದ್ದರು. ನನ್ನ ನಂಬರು ಓಡಾಡುವ ದಾರಿಯ ಪಕ್ಕದ ಬೆಂಚಿಗೆ ಬಂದಿತ್ತು. ಟೀಚರ್ ಕಾರಿಡಾರಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಾಲಿಗೆ ಮೇಲ್ವಿಚಾರಕರಾಗಿ ಬಂದವರು ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಸಂಗೀತಕ್ಕೂ ಅವರಿಗೂ ಸಂಬಂಧವಿಲ್ಲ. ಮಕ್ಕಳು ಕಾಪಿ ಹೊಡೆಯುವುದನ್ನು ಹಿಡಿಯುವುದರಲ್ಲಿ ಮಾತ್ರ ಎತ್ತಿದ ಕೈ ಅಂತೆ.

ಮೊದಲಿಗೆ ಸರಿ ಉತ್ತರ ಆರಿಸಿ ಅನ್ನುವ ಸಣ್ಣ ಪ್ರಶ್ನೆಗಳಿದ್ದವು, ಒಂದೊಂದಕ್ಕೆ ನಾಲ್ಕು ಉತ್ತರ. ನಾನು ಅವನ್ನು ಆಮೇಲೆ ನೋಡಿಕೊಂಡರಾಯಿತು ಅಂತ ನೇರ ವರ್ಣಕ್ಕೆ ಹೋದೆ. ಸೆರಗು ಸರಿಮಾಡಿಕೊಂಡು ಎಡಗೈಯನ್ನು ತೊಡೆಯ ಮೇಲಿಟ್ಟು ಶುರುಮಾಡಿದೆ. ಪೆಟ್ಟು, ಕಿರುಬೆರಳು, ಉಂಗುರದ ಬೆರಳು. ಕೈಯಲ್ಲಿದ್ದ ಗಾಜಿನ ಬಳೆ ಸದ್ದು ಮಾಡುತ್ತಿತ್ತು, ನನಗೆ ಗಮನವಿರಲಿಲ್ಲ. ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತದ್ದೂ ಗಮನಕ್ಕೆ ಬರಲಿಲ್ಲ.

"ಯಾರಿಗ್ರಿ ತೋರ್ಸಾಕತ್ತೀರಿ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಬೆರಳುಗಳ ಕಡೆ ಕೈ ತೋರಿಸಿದರು. ಒಂದನೇ ಬೆರಳು ಒಂದನೇ ಉತ್ತರ, ಎರಡನೇ ಬೆರಳು ಎರಡನೇ ಉತ್ತರ, ಎಸ್ಸೆಸ್ಸೆಲ್ಸಿ ಮಕ್ಕಳ ಹಳೇ ಆಟ ಇದು, ನನ್ನ ಮುಂದೆ ನಡೆಯುವುದಿಲ್ಲ ಅಂದರು.

"ತಾಳ ರಿ ಸರ್," ಅಂದೆ.

"ತಾಳ ಹಾಕಾಕ ಇದೇನು ಭಜನಿ ಗುಡೀನಾ? ಇದು ಪರೀಕ್ಷಾ ಹಾಲು."

ನಾನು ಪ್ರಶ್ನೆಪತ್ರಿಕೆ ತಿರುಗಿಸಿ ತೋರಿಸಿದೆ. ಅದರಲ್ಲೇ ಒಂದು ಪ್ರಶ್ನೆ ಇತ್ತು: ಅಟ ತಾಳವನ್ನು ಕೈಯಿಂದ ಎಣಿಸುವ ಕ್ರಮವನ್ನು ವಿವರಿಸಿ. ಮೇಷ್ಟ್ರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಒಂದು ಕ್ಷಣ ನನಗೆ ಜೀವ ಬಂತು.

"ವಿವರ್ಸಿ ಅಂತ ಐತಿ," ಅಂದರು. "ಬರೀರಿ. ಮಾಡಿ ತೋರ್ಸಬ್ಯಾಡ್ರಿ."

ನಮ್ಮ ಟೀಚರೇ ಹೀಗೆ ಕಲಿಸಿದ್ದಾರೆ, ಹೊರಗೇ ಕೂತಿದ್ದಾರೆ, ಬೇಕಾದರೆ ಕೇಳಿ ಅಂದೆ. ಅವರು ನಿಜಕ್ಕೂ ಬಾಗಿಲಿಗೆ ಹೋಗಿ ಕರೆದರು. ಟೀಚರ್ ಹೊಸ್ತಿಲಿಗೆ ಬಂದು ನಿಂತರು. ಹಾಲೆಲ್ಲ ಪೆನ್ನು ನಿಲ್ಲಿಸಿತ್ತು.

"ನೋಡ್ರಿ ಮೇಡಂ, ಈ ಅಮ್ಮಾರು ಬೆರಳು ಮಾಡಿ ತೋರ್ಸಾಕತ್ತಾರ. ಕೇಳಿದ್ರ ತಾಳ ಅಂತಾರ, ನೀವ ಕಲ್ಸೀರಿ ಅಂತಾರ. ಖರೇನಾ? ಎಲ್ಲಾರಿಗೂ ಹಿಂಗ ಕಲ್ಸಿದ್ರ ಹೇಳಿಬಿಡ್ರಿ. ಎಲ್ಲಾರ ಪೇಪರೂ ಕಾಪಿ ಕೇಸ್ ಅಂತ ಬ್ಯಾರೆ ಕವರಿನ್ಯಾಗ ಹಾಕಿ ಕಳಿಸ್ತೀನಿ, ಮ್ಯಾಲಿನವ್ರು ನೋಡ್ಕೊಳ್ಳಿ."

ಟೀಚರ್ ನನ್ನನ್ನು ನೋಡಿದರು. ಆಮೇಲೆ ಹಾಲಿನ ಆ ತುದಿಯಿಂದ ಈ ತುದಿಯವರೆಗೆ ತಮ್ಮ ಹುಡುಗಿಯರನ್ನು ನೋಡಿದರು. ಹೌದು ಅನ್ನುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರು ಹೊಡೆದು ಹೊಡೆದು ಕಲಿಸಿದ್ದು ಅದು. ಗೆಣ್ಣಿನ ಮೇಲೆ ಗುರುತಿತ್ತು.

"ಇಲ್ಲ ಸರ್. ನಾನು ಹಂಗ ಕಲ್ಸಂಗಿಲ್ಲ. ತಾಳ ತಲ್ಯಾಗ ಇರಬೇಕು ಅಂತೀನಿ ನಾನು." ದನಿ ಒಂದಿಷ್ಟೂ ಅಲುಗಲಿಲ್ಲ. "ಈಕಿ ಹೊರಗಿಂದ ಬಂದಾಕಿ. ಭಜನಿ ಮಂದಿ, ಕೈ ಕುಣಿಸೋ ಚಟ. ಕಾಪಿ ಅಲ್ಲ ಸರ್. ಎಷ್ಟು ಸಲ ಬ್ಯಾಡ ಅಂದೀನಿ, ಕೇಳಂಗಿಲ್ಲ."

ಹಾಲಿನಲ್ಲಿ ಹುಡುಗಿಯರ ಎಡಗೈಗಳು ಒಂದೊಂದಾಗಿ ತೊಡೆ ಬಿಟ್ಟು ಬೆಂಚಿನ ಮೇಲೆ ಬಂದವು. ಮೇಷ್ಟ್ರು ನನ್ನನ್ನು ನೋಡುತ್ತಿದ್ದುದರಿಂದ ಅದು ಅವರ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು.

ಮೇಷ್ಟ್ರಿಗೆ ದೊಡ್ಡ ಮನಸ್ಸು ಮಾಡಿದ ಖುಷಿ. ಹೆಣ್ಣುಮಗಳು, ವಯಸ್ಸಾದವಳು, ಹೋಗಲಿ ಅಂತ ಬಿಟ್ಟೆ ಅಂದರು. ನನ್ನ ಹಾಲ್ ಟಿಕೆಟನ್ನು ಬೆಂಚಿನ ಮೇಲೆ ಇಟ್ಟು, ಎಡಗೈಯನ್ನು ಅದರ ಮೇಲೆ ಅಂಗೈ ಕೆಳಗಾಗಿ ಇಡಲು ಹೇಳಿದರು. ಎತ್ತಿದರೆ ಪೇಪರು ಕಸಿದುಕೊಳ್ಳುತ್ತೇನೆ ಅಂದರು. ಆಮೇಲೆ ಉಳಿದ ಹೊತ್ತೆಲ್ಲ ನನ್ನ ಬೆಂಚಿನ ಸುತ್ತಲೇ ಓಡಾಡಿದರು.

ಬರೆದೆ. ಎಡಗೈಯಲ್ಲಿ ಎಣಿಸುವುದನ್ನು ನಾನು ಕಲಿತದ್ದು ತಲೆಯಲ್ಲಿ ಎಣಿಸುವುದನ್ನು ಬಿಟ್ಟುಕೊಟ್ಟು. ಈಗ ಕೈಯೂ ಇಲ್ಲ, ತಲೆಯೂ ಇಲ್ಲ. ಚಪ್ಪಲಿಯೊಳಗೆ ಕಾಲ್ಬೆರಳಲ್ಲಿ ಎಣಿಸಲು ನೋಡಿದೆ. ಕಾಲ್ಬೆರಳುಗಳು ಒಂದೊಂದಾಗಿ ಏಳುವುದಿಲ್ಲ, ಎದ್ದರೆ ಎಲ್ಲವೂ ಏಳುತ್ತವೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಎಣಿಸಿದೆ. ಒಂಬತ್ತು ದಾಟುತ್ತಿದ್ದಂತೆ ಲೆಕ್ಕ ತಪ್ಪುತ್ತಿತ್ತು. ಹೊಡೆದು ಹಾಕಿ ಮತ್ತೆ ಬರೆದೆ, ಮತ್ತೆ ತಪ್ಪಿತು. ಗೆರೆಗಳನ್ನು ಅಂದಾಜಿಗೆ ಎಳೆದೆ. ಅಷ್ಟರಲ್ಲಿ ಗಂಟೆ ಹೊಡೆಯುವ ಸಮಯ ಬಂದು, ಬಿಟ್ಟಿದ್ದ ಸಣ್ಣ ಪ್ರಶ್ನೆಗಳಲ್ಲಿ ಅರ್ಧ ಹಾಗೇ ಉಳಿದವು. ಕೈಯಿಂದ ಎಣಿಸುವ ಕ್ರಮವನ್ನು ವಿವರಿಸಿ ಅನ್ನುವುದಕ್ಕೆ ಮಾತ್ರ ಪುಟ ತುಂಬ ಬರೆದಿದ್ದೆ.

ಹೊರಗೆ ಬಂದಾಗ ಟೀಚರ್ ಹುಡುಗಿಯರಿಗೆ ಮಜ್ಜಿಗೆ ಕೊಡುತ್ತಿದ್ದರು. ನನಗೂ ಒಂದು ಲೋಟ ಚಾಚಿದರು.

"ಸಿಟ್ಟು ಬಂತೇನು?" ಅಂದರು. "ಇಷ್ಟು ಮಂದಿ ಹುಡುಗ್ಯಾರು. ನೀನು ಒಬ್ಬಾಕಿ. ನನ್ನ ಜಾಗಾದಾಗ ನೀನಿದ್ರ ಏನು ಹೇಳ್ತಿದ್ದಿ?"

ನಾನು ಮಜ್ಜಿಗೆ ಕುಡಿದೆ. ಬಾಯಾರಿತ್ತು. ಒಬ್ಬಳು ಅನ್ನುವ ಲೆಕ್ಕಕ್ಕೆ ಯಾವಾಗಲೂ ನಾನೇ ಯಾಕೆ ಬರಬೇಕು ಅಂತ ಕೇಳಬೇಕಿತ್ತು. ಅದು ಬಸ್ಸು ತೋರಣಗಲ್ಲು ರಸ್ತೆಯ ತಿರುವು ದಾಟಿದ ಮೇಲೆ ಹೊಳೆಯಿತು, ಯಾವ ಉಪಯೋಗಕ್ಕೂ ಇಲ್ಲದೆ.

ಫಲಿತಾಂಶ ಬಂದಾಗ ಹಾಡುವುದರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು, ಶಾಸ್ತ್ರದಲ್ಲಿ ಫೇಲು. ಹುಡುಗಿಯರೆಲ್ಲ ಪಾಸು; ಗೆರೆಗಳನ್ನೂ ಬಾಯಿಪಾಠ ಮಾಡಿದವರಿಗೆ ಕೈ ಯಾಕೆ ಬೇಕು. ಹೆಡ್‌ಮಿಸ್ ಮತ್ತೆ ಟೀ ಕೊಡಿಸಿದರು. ಬಳ್ಳಾರಿಯಿಂದ ಸರ್ಟಿಫಿಕೇಟ್ ಇದ್ದವಳೊಬ್ಬಳು ಬಂದಳು. ನಾನು ಶಾಲೆಯ ಅಲ್ಮಾರಿಯ ಬೀಗದ ಕೈ ಕೊಟ್ಟು ಬಂದೆ. ಮಾವ ಆ ರಾತ್ರಿ ಊಟಕ್ಕೆ ಕೂತಾಗ ತಮಾಷೆ ಮಾಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅಕ್ಕನೇ ಅಂದಳು, ನಾನು ನಡೆದದ್ದನ್ನೆಲ್ಲ ಹೇಳಿದ ಮೇಲೆ. ಒಂದು ವಾರ ಕಳೆಯುವುದರೊಳಗೆ ಅವಳು ನನಗೆ ಕಂಪ್ಲಿಯ ಗಾಳಿ ಒಗ್ಗುತ್ತದೆ ಅನ್ನತೊಡಗಿದಳು. ಬಟ್ಟೆ ಕಟ್ಟಿಕೊಂಡು ಅವ್ವನ ಮನೆಗೆ ಬಂದೆ.

ಶಾಸ್ತ್ರ ಒಂದನ್ನೇ ಮತ್ತೆ ಕಟ್ಟಬಹುದಿತ್ತು. ಕಂಪ್ಲಿಯ ಒಂದು ಶಾಲೆಯವರು ಸರ್ಟಿಫಿಕೇಟ್ ತಂದರೆ ನೋಡೋಣ ಅಂದಿದ್ದರು. ಪಾಠಕ್ಕೆ ಮಾತ್ರ ಎಲ್ಲಿಗೆ ಹೋಗುವುದು? ಮಳೆಗಾಲ ಮುಗಿಯುವವರೆಗೆ ಸೊಕ್ಕಿನಿಂದ ಮನೆಯಲ್ಲೇ ಕೂತೆ. ಒಬ್ಬಳೇ ಪುಸ್ತಕ ಹಿಡಿದು ಕೂತರೆ ತಲೆಗೆ ಏನೂ ಹತ್ತಲಿಲ್ಲ. ಕೊನೆಗೆ ಒಂದು ಶನಿವಾರ ಬಸ್ಸು ಹತ್ತಿ ಡ್ಯಾಮಿನ ಕ್ವಾರ್ಟರ್ಸಿಗೆ ಹೋದೆ. ಗೇಟಿನಲ್ಲಿ ಬೋರ್ಡು ಹಾಗೇ ಇತ್ತು, ಶೇಕಡಾ ನೂರು. ವಾರಕ್ಕೆ ಎರಡು ದಿನ ಬರುವವರನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.

ಒಳಗೆ ಹೊಸ ಬ್ಯಾಚು ಕೂತಿತ್ತು. ಹುಡುಗಿಯರು ಅಟ ತಾಳದ ವರ್ಣವನ್ನೇ ಬರೆಯುತ್ತಿದ್ದರು. ಒಬ್ಬಳ ಎಡಗೈ ತಾನಾಗಿ ತೊಡೆಯ ಮೇಲೆ ಹೊರಳುತ್ತಿತ್ತು. ಸ್ಕೇಲು ಬಂದು ಅದರ ಮೇಲೆ ಬಿತ್ತು.

"ಕೈ ಮ್ಯಾಲಿಡು," ಅಂದರು ಟೀಚರ್. ಬಾಗಿಲಲ್ಲಿ ನನ್ನನ್ನು ನೋಡಿದರು, ಅಚ್ಚರಿಪಡಲಿಲ್ಲ. "ನೋಡ್ರೇ, ಈಕಿನ್ನ ನೋಡಿ ಕಲೀರಿ. ಇಷ್ಟು ಚಂದ ಹಾಡ್ತಾಳ. ಕೈ ಎಣಿಸಿ ಎಣಿಸಿ ಫೇಲಾದ್ಲು."

ನನ್ನ ಹಾಡು ಚಂದ ಅಂತ ಅವರು ಅಂದದ್ದು ಅದೇ ಮೊದಲು.

"ಎಣಿಸೋದು ನೀವ ಕಲ್ಸಿದ್ದು ಟೀಚರ್," ಅಂದೆ. "ಇದ ಸ್ಕೇಲಿಂದ ಹೊಡ್ದು ಕಲ್ಸಿದ್ರಿ. ಮೇಷ್ಟ್ರ ಮುಂದ ಇಲ್ಲ ಅಂದ್ರಿ."

ಹುಡುಗಿಯರೆಲ್ಲ ಪೆನ್ನು ನಿಲ್ಲಿಸಿದರು. ಟೀಚರ್ ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೌದು, ನಾನ ಕಲ್ಸಿದ್ದು," ಅಂದರು. "ನಾನ ಇಲ್ಲ ಅಂದಿದ್ದು. ಈಗ ಕೈ ಬ್ಯಾಡ ಅಂತೀನಿ. ಕಲೀತೀನಿ ಅಂದ್ರ ಕುಂದ್ರು, ಇಲ್ಲಾಂದ್ರ ಬಾಗ್ಲಾ ಬಿಡು, ಗಾಳಿ ಬರವಲ್ದು."

ನಾನು ಹುಡುಗಿಯರ ಕಡೆ ನೋಡಿದೆ. ಎಲ್ಲರೂ ಅವರ ಬಾಯಿಂದಲೇ ಕೇಳಿದ್ದರು. ಒಬ್ಬಳಾದರೂ ತಲೆ ಎತ್ತಿ ನನ್ನನ್ನು ನೋಡಲಿ ಅಂತ ನಿಂತೆ. ಏಟು ತಿಂದವಳು ಮೊದಲು ಬರೆಯಲು ಶುರುಮಾಡಿದಳು, ಉಳಿದವರು ಅವಳ ಹಿಂದೆ. ಎಲ್ಲರ ಎಡಗೈಯೂ ಪುಸ್ತಕದ ಅಂಚಿನ ಮೇಲೆ ಮಲಗಿತ್ತು. ಅವರಿಗೆ ಪಾಸಾಗಬೇಕಿತ್ತು.

ನನಗೂ ಪಾಸಾಗಬೇಕಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಚಾಪೆಯ ತುದಿಯಲ್ಲಿ ಕೂತು, ಪುಸ್ತಕ ತೆರೆದು ಎಡಗೈಯನ್ನು ಅದರ ಮೇಲೆ ಇಟ್ಟೆ.